ನೀರಡಿಯ ವಿಮಾನ, ಉಪ್ಪು ಸೊಳೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಮಿಷಿಗನ್ ಸರೋವರದ ತಳದಿಂದ ನೌಕಾಪಡೆಯ ಹಳೇ ವಿಮಾನಗಳನ್ನು ಎತ್ತಿದ ಬಗ್ಗೆ ಹೋದ ಸಲ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ. ಅರ್ಧಕ್ಕರ್ಧ ಮಲ್ಪೆ ಕಡೆಯವರದ್ದೇ.

ಪ್ರ: ನೌಕಾಪಡೆ ಅಂದ ಮೇಲೆ ಸಮುದ್ರ ಅಲ್ವಾ? ಸರೋವರದಲ್ಲಿ ಅಷ್ಟು ವಿಮಾನ ಬಿದ್ದದ್ದು ಹೇಗೆ? (ಮಣಿಪಾಲ)

ಉ: ಮೊದಲಿಗೆ, ಅದು ನಿಮ್ಮ ಮಣ್ಣಪಳ್ಳದಂಥ ಕೆರೆ ಅಲ್ಲ ಮಾರಾಯ್ರೆ. ಸುಮಾರು 58,000 ಚದರ ಕಿಲೋಮೀಟರ್. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆ ಸೇರಿಸಿದರೂ ಅದರ ಆರರಲ್ಲಿ ಒಂದು ಪಾಲು ಆಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಹಡಗಿನ ಮೇಲೆ ವಿಮಾನ ಇಳಿಸುವುದನ್ನು ಹೊಸ ಪೈಲಟ್‌ಗಳಿಗೆ ಕಲಿಸಬೇಕಿತ್ತು. ಸಮುದ್ರದಲ್ಲಿ ಶತ್ರುಗಳ ಸಬ್‌ಮರೀನ್ ಕಾಟ, ನಿಜವಾದ ವಿಮಾನವಾಹಕ ಹಡಗುಗಳೆಲ್ಲ ಯುದ್ಧಕ್ಕೆ ಬೇಕು. ಹಾಗಾಗಿ ಪಕ್ಕದಲ್ಲಿ ಚಕ್ರ ತಿರುಗುವ, ಕಲ್ಲಿದ್ದಲಿನ ಎರಡು ಹಳೇ ಪ್ರಯಾಣಿಕರ ಹಡಗು ಹಿಡಿದು, ಮೇಲಿನದ್ದೆಲ್ಲ ಕಿತ್ತು, ರನ್‌ವೇ ಕೂರಿಸಿದರು. ವುಲ್ವರೀನ್, ಸೇಬಲ್ ಅಂತ ಹೆಸರು. ಶಿಕಾಗೋ ಬಳಿ 17,000ಕ್ಕೂ ಹೆಚ್ಚು ಪೈಲಟ್‌ಗಳು ಇವುಗಳ ಮೇಲೆ ಕಲಿತರು. ಮುಂದೆ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಕೂಡ. ಕಲಿಯುವವರು ಅಂದ ಮೇಲೆ ಬೀಳುವುದೂ ಇತ್ತು. ನೂರಕ್ಕೂ ಹೆಚ್ಚು ವಿಮಾನ ನೀರು ಪಾಲಾದವು.

ಅದರಲ್ಲಿ ಒಂದರ ಕಥೆ ಹೇಳಲೇಬೇಕು. 2106 ನಂಬರಿನ ಡಾಂಟ್‌ಲೆಸ್ ಅನ್ನುವ ಬಾಂಬರ್. ಜಪಾನಿನ ಪರ್ಲ್ ಹಾರ್ಬರ್ ದಾಳಿಯಲ್ಲಿ ಉಳಿಯಿತು, ಜಪಾನಿನ ಜೊತೆಗೇ ನಡೆದ 1942ರ ಮಿಡ್‌ವೇ ಯುದ್ಧದಿಂದ ಮೈಮೇಲೆ 200ಕ್ಕೂ ಹೆಚ್ಚು ತೂತು ಮಾಡಿಸಿಕೊಂಡು ವಾಪಸ್ ಬಂತು, ಕೊನೆಗೆ 1943ರಲ್ಲಿ ಕಲಿಯುವವರ ಕೈಗೆ ಸಿಕ್ಕಿ ಈ ಸರೋವರದಲ್ಲಿ ಮುಳುಗಿತು! 1994ರಲ್ಲಿ ಎತ್ತಿದರು. ಆಮೇಲೆ ಫ್ಲೋರಿಡಾದ ಪೆನ್ಸಕೋಲದಲ್ಲಿರುವ ನೌಕಾ ವಿಮಾನಗಳ ಮ್ಯೂಸಿಯಂ ಸೇರಿತು.

ಪ್ರ: ಸಮುದ್ರದಲ್ಲಿ ಬಿದ್ದದ್ದೂ ಹಾಗೇ ಸಿಗುತ್ತದಾ? ಎತ್ತಿ ತೊಳೆದರೆ ಆಯಿತಲ್ಲ? (ಉಳ್ಳಾಲ)

ಉ: ಅಲ್ಲೇ ಇರುವುದು ತಾಪತ್ರಯ. ವಿಮಾನದ ಮೈ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಪ್ಪಿನಕಾಯಿ ಇಟ್ಟರೆ ನನ್ನ ಅಜ್ಜಿ ಮನೆ ಎತ್ತಿ ಹಾಕುತ್ತಿದ್ದರು. ಕಾರಣ ಅದೇ. ಅಲ್ಯೂಮಿನಿಯಂ ಮೇಲೆ ತಾನಾಗಿ ಒಂದು ತೆಳು ಪದರ ಕೂತು ಅದನ್ನು ಕಾಯುತ್ತದೆ, ಉಪ್ಪು ಆ ಪದರವನ್ನೇ ಕೊರೆಯುತ್ತದೆ. ಸಾಲದ್ದಕ್ಕೆ ಪಕ್ಕದಲ್ಲೇ ಉಕ್ಕಿನ ಬೋಲ್ಟು. ಎರಡು ಲೋಹ, ನಡುವೆ ಉಪ್ಪುನೀರು, ಅಲ್ಲಿಗೆ ಬ್ಯಾಟರಿ ತಯಾರು. ಸವೆಯುವುದು ಅಲ್ಯೂಮಿನಿಯಮ್ಮೇ. ಮಿಷಿಗನ್‌ನದ್ದು ಸಿಹಿನೀರು, ತಳದಲ್ಲಿ ಕೊರೆಯುವ ಚಳಿ. ಹಾಗಾಗಿ ಅಲ್ಲಿನ ಕೆಲವು ವಿಮಾನಗಳಲ್ಲಿ ಬಣ್ಣ ಕೂಡ ಉಳಿದಿತ್ತು. ಈಗ ಅಲ್ಲೂ ಹಡಗುಗಳ ಜೊತೆ ಬಂದ ಕ್ವಾಗ್ಗಾ ಅನ್ನುವ ಚಿಪ್ಪು, ನಮ್ಮ ಪಚ್ಚಿಲೆಯ ದೂರದ ನೆಂಟ ಅನ್ನಿ, ಎಲ್ಲದಕ್ಕೂ ಮೆತ್ತಿಕೊಳ್ಳುತ್ತಿದೆ.

ಸಮುದ್ರದಿಂದ ತೆಗೆದದ್ದನ್ನು ಸುಮ್ನೆ ಬಿಸಿಲಿಗಿಟ್ಟರೆ ಕೆಟ್ಟಿತು. ಒಳಗೆ ಇಳಿದ ಉಪ್ಪು ಒಣಗಿ ಹರಳಾಗುತ್ತದೆ, ಗಾಳಿಯೂ ಸೇರಿ, ಎಪ್ಪತ್ತು ವರ್ಷ ನೀರಲ್ಲಿ ತಡೆದದ್ದು ಕೆಲವೇ ದಿನದಲ್ಲಿ ಪುಡಿ ಉದುರಲು ಶುರು. ಮನೆಯಲ್ಲಿ ಉಪ್ಪು ಸೊಳೆ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ ಮಾಡುವ ಮೊದಲು ನೀರು ಬದಲಾಯಿಸಿ ಬದಲಾಯಿಸಿ ಉಪ್ಪು ಬಿಡಿಸುತ್ತಾರಲ್ಲ, ಇಲ್ಲೂ ಅದೇ ಕೆಲಸ. ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. 2013ರಲ್ಲಿ ಇಂಗ್ಲಿಷ್ ಕಾಲುವೆಯಿಂದ ಜರ್ಮನಿಯ ಡಾರ್ನಿಯರ್ ಬಾಂಬರ್ ಎತ್ತಿದಾಗ (ಅದು ನೌಕಾಪಡೆಯದ್ದಲ್ಲ, ಆದರೂ ಪಾಠ ಒಂದೇ) ಪ್ಲಾಸ್ಟಿಕ್ ಗೂಡಿನೊಳಗಿಟ್ಟು ಸಿಟ್ರಿಕ್ ಆಸಿಡ್ ಬೆರೆಸಿದ ನೀರು ಸಿಂಪಡಿಸುತ್ತಲೇ ಇದ್ದರು. ಸಿಟ್ರಿಕ್ ಅಂದರೆ ನಿಂಬೆಹುಳಿಯಲ್ಲಿರುವುದೇ. ಎತ್ತುವ ದಿನ ಕ್ಯಾಮೆರಾ, ಚಪ್ಪಾಳೆ ಎಲ್ಲ ಇರುತ್ತದೆ. ಜಾಸ್ತಿ ಖರ್ಚು, ಜಾಸ್ತಿ ತಾಳ್ಮೆ ಬೇಕಾಗುವುದು ಆಮೇಲೆ, ಯಾರೂ ನೋಡದಿರುವಾಗ. ಆ ಜಾಗ, ಆ ದುಡ್ಡು ಮೊದಲೇ ಹೊಂದಿಸದವರು ಎತ್ತಲೇಬಾರದು ಅಂತ ನನ್ನ ಅಭಿಪ್ರಾಯ.

ಪ್ರ: ನಮ್ಮ ಬಲೆಗೆ ಅಂಥದ್ದು ಸಿಕ್ಕಿದರೆ ನಮ್ಮದೇ ಆಗುತ್ತದಾ? ಗುಜರಿಗೆ ಒಳ್ಳೇ ರೇಟ್ ಬರಬಹುದು! (ಮಲ್ಪೆ)

ಉ: ಆಸೆ ನೋಡಿ! ಅಮೆರಿಕದಲ್ಲಿ 2004ರ ಕಾಯ್ದೆ ಪ್ರಕಾರ ಮುಳುಗಿದ ಸೇನಾ ವಿಮಾನ ಎಷ್ಟೇ ವರ್ಷ ಕಳೆದರೂ ಸರ್ಕಾರದ್ದೇ, ಸಿಕ್ಕಿದವರದ್ದಲ್ಲ. ಸ್ಯಾನ್ ಡಿಯಾಗೋ ಬಳಿಯ ಒಂದು ಜಲಾಶಯದಲ್ಲಿ 2009ರಲ್ಲಿ ಮೀನು ಹಿಡಿಯಲು ಹೋದವರ ಫಿಶ್ ಫೈಂಡರ್‌ನಲ್ಲಿ ವಿಮಾನದ ಆಕಾರ ಕಂಡಿತು. 1945ರಲ್ಲಿ ಎಂಜಿನ್ ಕೆಟ್ಟು ನೀರಿಗಿಳಿದಿದ್ದ ಹೆಲ್‌ಡೈವರ್ ಅನ್ನುವ ನೌಕಾಪಡೆ ಬಾಂಬರ್. ಅದರಲ್ಲಿದ್ದ ಇಬ್ಬರೂ ಈಜಿ ದಡ ಸೇರಿದ್ದರು. ಮರುವರ್ಷ ವಿಮಾನ ಮೇಲೆ ಬಂತು, ಹೋದದ್ದು ಮ್ಯೂಸಿಯಂಗೆ, ಗುಜರಿಗಲ್ಲ.

ನೀವು ಮಾತ್ರ ವಿಂಚ್ ಹಾಕಿ ಎಳೆಯಬೇಡಿ. ಒಳಗೆ ಸಿಡಿಯದ ಬಾಂಬ್ ಇರಬಹುದು. ಯಾರದ್ದೋ ಮೂಳೆ ಇರಬಹುದು. ರೆಕ್ಕೆಯೊಳಗೆ ತುಂಬಿದ ನೀರು, ಕೆಸರು ಇಳಿಯಲು ಬಿಡದೆ ಎಳೆದರೆ ಆ ಭಾರಕ್ಕೇ ರೆಕ್ಕೆ ಮುರಿಯುತ್ತದೆ. ಗೊತ್ತಿದ್ದವರು ಪಟ್ಟಿ ಕಟ್ಟಿ, ಗಾಳಿ ಚೀಲ ಉಬ್ಬಿಸಿ, ಇಂಚಿಂಚೇ ಎತ್ತುತ್ತಾರೆ. ಜಿಪಿಎಸ್ ಗುರುತು ಬರೆದಿಟ್ಟುಕೊಳ್ಳಿ, ಅಗತ್ಯ ಬಿದ್ದರೆ ಬಲೆ ಕೊಯ್ಯಿರಿ, ಬಂದು ಕರಾವಳಿ ಕಾವಲು ಪೊಲೀಸರಿಗೆ ಹೇಳಿ. ಅವರ ಕೇಂದ್ರ ಕಚೇರಿ ನಿಮ್ಮೂರಲ್ಲೇ ಇದೆಯಲ್ಲ.

ಪ್ರ: ಇಷ್ಟು ಕಷ್ಟ ಯಾಕೆ? ಅಲ್ಲೇ ಬಿಡಬಾರದಾ? (ಕಾಪು)

ಉ: ಹೆಚ್ಚಿನದನ್ನು ಬಿಡಬಹುದು. ಆದರೆ ಅಮೆರಿಕ ನೌಕಾಪಡೆಯಲ್ಲಿ ಡಿವಾಸ್ಟೇಟರ್ ಅನ್ನುವ ಟಾರ್ಪಿಡೊ ವಿಮಾನ ಇತ್ತು. ಮಿಡ್‌ವೇಯಲ್ಲಿ ಒಂದು ದಳದ 15 ವಿಮಾನವೂ ಹೋಯಿತು, 30 ಜನರಲ್ಲಿ ಬದುಕಿದ್ದು ಒಬ್ಬರೇ. ಇವತ್ತು ಯಾವ ಮ್ಯೂಸಿಯಂನಲ್ಲೂ ಒಂದು ಪೂರ್ತಿ ಡಿವಾಸ್ಟೇಟರ್ ಇಲ್ಲ. ಮಾರ್ಷಲ್ ದ್ವೀಪಗಳ ಜಾಲೂಯಿಟ್ ಬಳಿ ಎರಡು ನೀರಲ್ಲಿವೆ. ಅಂಥದ್ದಕ್ಕೆ ಕಷ್ಟಪಡಬೇಕು ಅನಿಸುತ್ತದೆ.

ಪ್ರ: ಮಕ್ಕಳಿಗೆ ತೋರಿಸಲು ಹತ್ತಿರದಲ್ಲಿ ನೌಕಾಪಡೆಯ ವಿಮಾನ ಇದೆಯಾ? (ಸುರತ್ಕಲ್)

ಉ: ಕಾರವಾರಕ್ಕೆ ಹೋಗಿ. ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆಯ ಹತ್ತಿರವೇ 2017ರಲ್ಲಿ ನಿವೃತ್ತಿಯಾದ, ನಮ್ಮ ನೌಕಾಪಡೆಯ ಟುಪೊಲೆವ್ ಕಣ್ಗಾವಲು ವಿಮಾನ ನಿಂತಿದೆ. ಬಿಚ್ಚಿ, ಲಾರಿಯಲ್ಲಿ ತಂದು ಮತ್ತೆ ಜೋಡಿಸಿದ್ದು. ಇದು ಮುಳುಗಿದ್ದಲ್ಲ. ಉಪ್ಪುಗಾಳಿ ಮಾತ್ರ ದಿನಾ ಹೊಡೆಯುತ್ತದೆ, ಬೋಲ್ಟುಗಳ ಸುತ್ತ ಒಂದು ಕಣ್ಣು ಹಾಯಿಸಿ ಬನ್ನಿ.