ಮಗಳನ್ನು ರೈಫಲ್ ಕ್ಲಬ್‌ಗೆ ಕಳಿಸುವ ಮೊದಲು ಏನು ನೋಡಬೇಕು?

ಎಂಟನೇ ಕ್ಲಾಸಿನ ಮಗಳು ಏರ್ ರೈಫಲ್ ಕಲಿಯಬೇಕು ಅಂತ ಹಟ ಹಿಡಿದಿದ್ದಾಳೆ, ಕ್ಲಬ್‌ಗೆ ಕಳಿಸಿದರೆ ಅಪಾಯ ಇಲ್ಲವಾ, ಮೊದಲ ದಿನ ಏನು ಎಚ್ಚರ ಬೇಕು ಅಂತ ಕುಮಟಾದಿಂದ ಕೇಳಿದ್ದೀರಿ. ನಾನು ಶಿರಸಿ ಕಡೆಯವನು, ಅಡಿಕೆ ತೋಟ ಇದೆ. ಸುಮಾರು ಹನ್ನೆರಡು ವರ್ಷದಿಂದ ಗುರಿ ಹೊಡೆಯುವ ಅಭ್ಯಾಸ ಇದೆ. ಈಗ ಭಾನುವಾರ ಹೊಸ ಮಕ್ಕಳ ಜೊತೆ ರೇಂಜಿನಲ್ಲಿ ನಿಲ್ಲುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್‌ನಲ್ಲಿ ಮನು ಭಾಕರ್ ಎರಡು ಪದಕ ಗೆದ್ದಿದ್ದನ್ನು ನೋಡಿ ಬಂದವರು ಅವರಲ್ಲೂ ಇದ್ದಾರೆ.

ಕಳಿಸಿ. ಆದರೆ ಮೊದಲು ನೀವೇ ಒಂದು ದಿನ ಹೋಗಿ, ಒಂದು ತಾಸು ಸುಮ್ನೆ ಕೂತು ನೋಡಿ ಬನ್ನಿ. ಯಾರು ಎಷ್ಟು ಅಂಕ ಹೊಡೆಯುತ್ತಾರೆ ಅನ್ನೋದು ಬೇಡ. ಹೊಡೆಯದೇ ಇರುವಾಗ ರೈಫಲ್ ಹೇಗಿರುತ್ತದೆ ಅಂತ ನೋಡಿ.

ಒಳ್ಳೆಯ ರೇಂಜಿನಲ್ಲಿ ಸುಮ್ಮನೆ ಇಟ್ಟ ಪ್ರತಿ ರೈಫಲ್‌ನ ಬಾಯಿಯಿಂದಲೂ ಕಿತ್ತಳೆಯೋ ಹಳದಿಯೋ ಬಣ್ಣದ ದಾರದ ತುದಿ ಹೊರಗೆ ಕಾಣುತ್ತದೆ. ಅದಕ್ಕೆ ಸೇಫ್ಟಿ ಫ್ಲ್ಯಾಗ್ ಅಂತಾರೆ. ನಮ್ಮಲ್ಲಿ ಬಳಸುವುದು ತೋಟದಲ್ಲಿ ಹುಲ್ಲು ಕೊಚ್ಚುವ ಮೆಷಿನ್‌ಗೆ ಹಾಕುವ ಗಟ್ಟಿ ನೈಲಾನ್ ದಾರವನ್ನೇ. ಪೆಲೆಟ್, ಅಂದರೆ ಏರ್ ರೈಫಲ್‌ನ ಸಣ್ಣ ಗುಂಡು, ಹಾಕುವ ಜಾಗದಿಂದ ತೂರಿಸಿದರೆ ಇಡೀ ನಳಿಗೆ ದಾಟಿ ಮುಂದೆ ಬರಬೇಕು. ಒಳಗೆ ಪೆಲೆಟ್ ಇದ್ದರೆ ದಾರ ಅಲ್ಲೇ ತಡೆಯುತ್ತದೆ. ಅಂದರೆ ದೂರದಲ್ಲಿ ನಿಂತವರಿಗೂ ಈ ರೈಫಲ್ ಖಾಲಿ ಅಂತ ಕಣ್ಣಿಗೇ ಕಾಣುತ್ತದೆ, ಯಾರ ಬಾಯಿಮಾತನ್ನೂ ನಂಬಬೇಕಾಗಿಲ್ಲ. ದಾರ ಇಲ್ಲದ ರೈಫಲ್‌ಗಳು ಬೆಂಚಿನ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದರೆ ಆ ಕ್ಲಬ್ ಬೇಡ.

ನಾನು ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಘಟ್ಟದ ಮೇಲಿನ ನಮ್ಮಂಥ ಮನೆಗಳಲ್ಲಿ ಕೋವಿ ಹೊಸತಲ್ಲ. ನಮ್ಮನೆಯಲ್ಲೂ ಹಂದಿ ಕಾಟಕ್ಕೆ ಅಂತ ಅಜ್ಜನ ಕಾಲದ ಕೇಪಿನ ಕೋವಿ ಇತ್ತು. ಚುನಾವಣೆ ಬಂದಾಗ ಅಪ್ಪಯ್ಯ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಮಂಗ ಓಡಿಸಲು ಏರ್‌ಗನ್ ಬೇರೆ. ಕೋವಿ ನೋಡಿಕೊಂಡೇ ಬೆಳೆದವರಿಗೆ ಅದರ ಭಯ ಇರುವುದಿಲ್ಲ. ‘ಖಾಲಿ ಇದ್ದು, ತಗ’ ಅಂತ ಕೈಗೆ ಕೊಟ್ಟುಬಿಡುತ್ತೇವೆ. ಆ ಮಾತನ್ನು ನಂಬಿಯೇ ನಾನೂ ಒಮ್ಮೆ ತಪ್ಪು ಮಾಡಿದೆ.

ಆಗ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ಅಲ್ಲಿನ 50 ಮೀಟರ್ ರೇಂಜಿನಲ್ಲಿ ತೋಟಾ ಹಾಕಿ ಹೊಡೆಯುವ ಪಾಯಿಂಟ್ ಟೂ ಟೂ ರೈಫಲ್ ಹೊಡೆಯುತ್ತಿದ್ದೆ. ಸರದಿ ಮುಗಿಯಿತು. ತೋಟಾ ತುಂಬುವ ಪೆಟ್ಟಿಗೆ, ಅಂದರೆ ಮ್ಯಾಗಜೀನ್, ತೆಗೆದು ಪಕ್ಕಕ್ಕಿಟ್ಟು, ಖಾಲಿ ಆಯ್ತು ಅಂದುಕೊಂಡು ಎದ್ದೆ. ರೇಂಜ್ ಆಫೀಸರ್, ಅಂದರೆ ಹೊಡೆಯುವವರ ಮೇಲೆ ಕಣ್ಣಿಡುವವರು, ಮಾಜಿ ಸೈನಿಕರು. ಬೈಯಲಿಲ್ಲ, ‘ಬೋಲ್ಟ್ ಎಳಿಯಪ್ಪ’ ಅಂದರು ಅಷ್ಟೇ. ತೋಟಾವನ್ನು ನಳಿಗೆಗೆ ದೂಡುವ, ಹೊರಗೆ ಎಳೆಯುವ ಹಿಡಿಕೆಯೇ ಬೋಲ್ಟ್. ಎಳೆದೆ. ಹಿತ್ತಾಳೆಯ ತೋಟಾ ಒಂದು ಚಿಮ್ಮಿ ಚಾಪೆ ಮೇಲೆ ಬಿತ್ತು, ಉರುಳಿ ನನ್ನ ಬೂಟಿಗೆ ತಾಗಿ ನಿಂತಿತು. ಎತ್ತಿಕೊಂಡರೆ ಇನ್ನೂ ಬೆಚ್ಚಗಿತ್ತು. ಕೊನೆಯ ಸಲ ಬೋಲ್ಟ್ ದೂಡಿದಾಗಲೇ ಅದು ನಳಿಗೆಯೊಳಗೆ ಹೋಗಿ ಕೂತಿತ್ತು. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಅದು ಹೊರಗೆ ಬರುವುದಿಲ್ಲ. ರೈಫಲ್‌ನ ಬಾಯಿ ಗುರಿಯ ಕಡೆಗೇ ಇದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಸಣ್ಣ ಗುಂಡು ಒಂದು ಕಿಲೋಮೀಟರ್‌ಗಿಂತ ದೂರ ಹೋಗಬಲ್ಲದು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅದಕ್ಕೇ ಮಕ್ಕಳಿಗೆ ನಾನು ಮೊದಲು ಹೇಳಿಕೊಡುವುದು ಇದು: ಕೈಗೆ ಬಂದ ರೈಫಲ್ ತುಂಬಿದೆ ಅಂತಲೇ ತಿಳಿ. ಕೊಟ್ಟವರು ಅಪ್ಪನೇ ಆಗಲಿ, ಕೋಚೇ ಆಗಲಿ, ಬಾಯಿ ಗುರಿಯ ಕಡೆ ಇಟ್ಟುಕೊಂಡು ನೀನೇ ತೆರೆದು ನೋಡು. ಮತ್ತೆ, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು.

‘ಏರ್ ರೈಫಲ್ ಅಲ್ವಾ, ಅದಕ್ಕೆ ಇಷ್ಟೆಲ್ಲ ಯಾಕೆ’ ಅಂತ ಅನ್ನಿಸಬಹುದು. 4.5 ಮಿಲಿಮೀಟರ್ ಪೆಲೆಟ್‌ನ ಈ ರೈಫಲ್‌ಗೆ, ಶಕ್ತಿ 20 ಜೂಲ್‌ಗಿಂತ ಕಡಿಮೆ ಇದ್ದರೆ, ಲೈಸೆನ್ಸ್ ಬೇಡ. ಹಾಗಾಗಿ ಜನ ಆಟಿಕೆ ಅಂದುಕೊಳ್ಳುತ್ತಾರೆ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಒಂದು ಕಣ್ಣು ಹೋಗಲು ಅಷ್ಟು ಸಾಕು. ಗಟ್ಟಿ ಕಬ್ಬಿಣಕ್ಕೆ ನೇರವಾಗಿ ಬಡಿದರೆ ವಾಪಸ್ ಚಿಮ್ಮುವುದೂ ಉಂಟು. ಗುರಿಯ ಹಿಂದಿನ ಪೆಟ್ಟಿಗೆಯಲ್ಲಿ ತಗಡನ್ನು ಓರೆಯಾಗಿ ಕೂರಿಸಿದ್ದಾರಾ ನೋಡಿ. ಮಗಳಿಗೆ ಒಂದು ರಕ್ಷಣೆಯ ಕನ್ನಡಕ ಕೊಡಿಸಿ.

ಇನ್ನು ನಿಮಗೇ ಒಂದು ಮಾತು. ಅವಳು ರೈಫಲ್ ಹಿಡಿದು ನಿಂತಾಗ ಹಿಂದಿನಿಂದ ಹೆಸರು ಹಿಡಿದು ಕರೆಯಬೇಡಿ. ‘ಪುಟ್ಟಿ, ಇತ್ತ ತಿರುಗು, ಒಂದು ಫೋಟೋ’ ಅನ್ನಲೇಬೇಡಿ. ನಾನು ರೇಂಜಿನಲ್ಲಿ ಜಾಸ್ತಿ ನೋಡಿರುವ ತಪ್ಪೇ ಇದು. 10 ಮೀಟರ್ ದೂರದ ಕಾಗದದಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಮಗುವಿನ ಮನಸ್ಸು ಪೂರ್ತಿ ಅಲ್ಲೇ ಇರುತ್ತದೆ. ಅಪ್ಪ ಕರೆದರೆ ರೈಫಲ್ ಸಮೇತ ತಿರುಗುತ್ತದೆ, ಅದರ ಬಾಯಿ ಪಕ್ಕದಲ್ಲಿ ನಿಂತ ನಾಲ್ಕು ಮಕ್ಕಳನ್ನು ದಾಟಿ ನಿಮ್ಮ ಎದೆಗೆ ಬರುತ್ತದೆ. ಮಗುವಿನ ತಪ್ಪಲ್ಲ ಅದು. ಕರೆಯಬೇಕಿದ್ದರೆ ರೇಂಜ್ ಆಫೀಸರ್‌ಗೆ ಹೇಳಿ.

ಆಫೀಸರ್ ‘ಸ್ಟಾಪ್’ ಅಂದ ಕೂಡಲೇ ಎಲ್ಲರೂ ನಿಲ್ಲಿಸುತ್ತಾರಾ ಅಂತಲೂ ಗಮನಿಸಿ. ‘ಇದೊಂದು ಹೊಡೆದುಬಿಡ್ತೆ’ ಅನ್ನುವವರು ಇರಬಾರದು. ಅಪಾಯ ಕಂಡರೆ ಸ್ಟಾಪ್ ಅಂತ ಯಾರು ಬೇಕಾದರೂ ಕೂಗಬಹುದು, ಎಂಟನೇ ಕ್ಲಾಸಿನ ಹುಡುಗಿಯೂ ಕೂಗಬಹುದು. ಅದನ್ನು ಅವಳಿಗೆ ಮನೆಯಲ್ಲೇ ಹೇಳಿ ಕಳಿಸಿ. ಗುರಿಯ ಕಾಗದ ಬದಲಿಸಲು ಯಾರಾದರೂ ಮುಂದೆ ಹೋದರೆ ಉಳಿದವರು ದಾರ ತೂರಿಸಿ, ರೈಫಲ್ ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಅವರು ವಾಪಸ್ ಬರುವ ತನಕ ರೈಫಲ್ ಮುಟ್ಟುವ ಹಾಗಿಲ್ಲ, ಒರೆಸಲಿಕ್ಕೂ ಇಲ್ಲ.

ಸಣ್ಣಪುಟ್ಟದ್ದೂ ಇದೆ. ಪೆಲೆಟ್ ಸೀಸದ್ದು, ತುಟಿಯಲ್ಲಿ ಕಚ್ಚಿಕೊಳ್ಳುವ ಚಟ ಬೆಳೆಸಬಾರದು. ಒಳಗೆ ತಿಂಡಿ ಬೇಡ. ಹೊರಗೆ ಬಂದು ಸೋಪು ಹಾಕಿ ಕೈ ತೊಳೆದ ಮೇಲೆಯೇ ಡಬ್ಬಿ ತೆಗೆಯಲಿ. ನೆಲವನ್ನು ಒಣ ಪೊರಕೆಯಲ್ಲಿ ಗುಡಿಸಿದರೆ ಸೀಸದ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವ ಕ್ಲಬ್ ಒಳ್ಳೆಯದು. ರೈಫಲ್‌ನ ಗಾಳಿಯ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ. ಅದರ ಮೇಲೆ ಹೊಡೆದ ತಾರೀಖು ನೋಡಿ, ಅವಧಿ ಮುಗಿದದ್ದು ಬೇಡ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಅದನ್ನು ಬಿಡಬಾರದು. ನಿಮ್ಮ ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹೊಡೆದಾದ ಮೇಲೆ ಒರೆಸಿಡುವುದು ಮಳೆಗಾಲದಲ್ಲಂತೂ ದಿನದ ಕೆಲಸ.

ಮೊದಲ ದಿನ ಅವಳಿಗೆ ಒಂದು ಪೆಲೆಟ್ ಕೂಡ ಕೊಡದೇ ಇರಬಹುದು. ತೆರೆ, ನೋಡು, ದಾರ ತೂರಿಸು, ಕೆಳಗಿಡು, ಮತ್ತೆ ಎತ್ತು ಅಂತ ಇದನ್ನೇ ತಾಸುಗಟ್ಟಲೆ ಮಾಡಿಸಬಹುದು. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಾಳೆ. ಮುಂದಿನ ವಾರ ಮತ್ತೆ ಅಲ್ಲಿಗೇ ಕರೆದುಕೊಂಡು ಹೋಗಿ.