ಮೊದಲಿನ ರುಚಿ ಎಲ್ಲಿ ಹೋಯ್ತು ಸ್ವಾಮಿ?

ಈ ಸಲ ಬಂದ ಪತ್ರಗಳಲ್ಲಿ ಹೋಟೆಲ್ ಗೋಳೇ ಜಾಸ್ತಿ. ಕೆಲವರು ಹೋಟೆಲ್ ಹೆಸರು, ಸಪ್ಲೈಯರ್ ಹೆಸರು ಎಲ್ಲ ಬರೆದು ಕಳಿಸಿದ್ದೀರಿ. ಅದನ್ನೆಲ್ಲ ತೆಗೆದಿದ್ದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಅಣ್ಣ, ನಮ್ಮನೆ ಹತ್ರ ಒಂದು ಹೋಟೆಲ್ ಇದೆ, ಮಕ್ಕಳು ಚಿಕ್ಕವರಿದ್ದಾಗಿಂದ ಹುಟ್ಟುಹಬ್ಬ ಆಗ್ಲಿ ನೆಂಟರು ಬರ್ಲಿ ಅಲ್ಲಿಗೇ ಹೋಗೋದು, ಬೇರೆ ಕಡೆ ಹೋಗ್ಬೇಕು ಅಂತ ಅನ್ನಿಸ್ತಾನೇ ಇರ್ಲಿಲ್ಲ. ಈಚೆಗೆ ಏನಾಗಿದ್ಯೋ ಏನೋ, ಗ್ರೇವಿ ನೀರು ನೀರು, ಕರಿದಿದ್ದು ತರಿಸಿದ್ರೆ ಮೇಲೆ ಕಪ್ಪು ಒಳಗೆ ಹಸಿ ಹಿಟ್ಟು, ತಿಂದ ಮೇಲೆ ಗಂಟಲು ಕೆರೆತ, ಇನ್ನು ಸಪ್ಲೈಯರ್‌ನ ಕರೆದ್ರೆ ಕೇಳಿಸಿದ್ರೂ ಕೇಳಿಸದವರ ಥರ ಹೋಗ್ತಾರೆ. ನಮ್ಮ ಯಜಮಾನ್ರು "ಹೋಟೆಲ್ ಕೆಟ್ಟಿಲ್ಲ, ನಿನ್ ನಾಲಿಗೆ ಕೆಟ್ಟಿದೆ" ಅಂತಾರೆ. ಯಾವುದು ನಿಜ?

ಉತ್ತರ: ಅಕ್ಕ, ನಾಲಿಗೆ ವಿಷ್ಯ ಮೊದ್ಲು ಮುಗಿಸ್ಬಿಡೋಣ. ವಯಸ್ಸಾಗ್ತಾ ವಾಸನೆ ಹಿಡಿಯೋ ಶಕ್ತಿ ಕಮ್ಮಿ ಆಗೋದು ನಿಜ, ನಾವು ರುಚಿ ಅನ್ನೋದ್ರಲ್ಲಿ ಮೂಗಿನ ಪಾಲೇ ದೊಡ್ಡದು, ಕೋವಿಡ್ ಬಂದು ಹೋದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಆದ್ರೆ ಮೂಗು ಕೆಟ್ಟಿದ್ರೆ ಮನೆ ಅಡುಗೆನೂ ಸಪ್ಪೆ ಅನ್ನಿಸ್ಬೇಕಲ್ವಾ? ಮನೇಲಿ ಮಾಡಿದ್ದು ಸರಿಯಾಗೇ ಇದೆ, ಅಲ್ಲಿ ಹೋದಾಗ ಮಾತ್ರ ಕೆಟ್ಟಿದೆ ಅಂದ್ರೆ ನಾಲಿಗೆ ಮೇಲೆ ಯಾಕೆ ತಪ್ಪು ಹೊರಿಸ್ತೀರ ಯಜಮಾನ್ರೇ. ಇನ್ನೊಂದು ಕೇಳ್ಬೇಕು, ಅಲ್ಲಿ ಹೊಸದಾಗಿ ಸ್ಪೀಕರ್ ಗೀಕರ್ ಹಾಕಿದ್ದಾರಾ? ನಗ್ಬೇಡಿ, 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಜೋರು ಸದ್ದು ಕೇಳ್ತಾ ತಿಂದವರಿಗೆ ಉಪ್ಪು, ಸಿಹಿ ಎರಡೂ ಕಮ್ಮಿ ಅನ್ನಿಸಿದ್ವು. ವಿಮಾನದ ಊಟ ಸಪ್ಪೆ ಅನ್ನಿಸೋಕೆ ಅದೂ ಒಂದು ಕಾರಣ ಅಂತಾರೆ.

ಆದ್ರೆ ನೀವು ಬರೆದಿರೋ ಲಕ್ಷಣ ನೋಡಿದ್ರೆ ನನ್ನ ಅನುಮಾನ ಅಡುಗೆಮನೆ ಮೇಲೇ. "ಮೇಲೆ ಕಪ್ಪು, ಒಳಗೆ ಹಸಿ, ಗಂಟಲು ಕೆರೆತ", ಈ ಮೂರೂ ಒಟ್ಟಿಗೆ ಬಂದ್ರೆ ಮೊದ್ಲು ನೋಡ್ಬೇಕಾಗಿರೋದು ಬಾಣಲೆ ಎಣ್ಣೇನ. ಎಣ್ಣೆನ ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು ಬೇರೆ ಬೇರೆ ವಸ್ತು ಆಗುತ್ತೆ, ಅದನ್ನ ಅಳೆಯೋಕೆ ಟೋಟಲ್ ಪೋಲಾರ್ ಕಾಂಪೌಂಡ್ಸ್ ಅಂತ ಒಂದು ಲೆಕ್ಕ ಇದೆ. ಆ ಪ್ರಮಾಣ ಶೇ 25 ದಾಟಿದ್ರೆ ಆ ಎಣ್ಣೆನ ಅಡುಗೆಗೆ ಬಳಸಬಾರದು ಅಂತ ಭಾರತದಲ್ಲಿ ನಿಯಮ, ಜರ್ಮನಿಲಿ ಶೇ 24, ಇಂಥ ಮಿತಿ ಇಟ್ಟಿರೋ ಬೇರೆ ಕಡೆನೂ ಹೆಚ್ಚು ಕಮ್ಮಿ ಇದೇ ಆಸುಪಾಸು. ಹಳೇ ಎಣ್ಣೆ ಬೇಗ ಹೊಗೆ ಕಟ್ಟುತ್ತೆ, ಸಣ್ಣ ಸಣ್ಣ ನೊರೆ ಬರುತ್ತೆ ಹೋಗೋದೇ ಇಲ್ಲ, ಹಾಕಿದ್ದು ಒಳಗೆ ಬೇಯೋ ಮುಂಚೆನೇ ಮೇಲೆ ಬಣ್ಣ ತಿರುಗಿಬಿಡುತ್ತೆ. ಅತಿಯಾಗಿ ಕಾದ ಎಣ್ಣೆಯಿಂದ ಅಕ್ರೋಲಿನ್ ಅನ್ನೋದು ಹುಟ್ಟುತ್ತೆ, ಕಣ್ಣು ಗಂಟಲು ಚುರ್ ಅನ್ನಿಸೋದು ಅದು. ಇದೆಲ್ಲ ಅಡುಗೆಯವರಿಗೆ ಗೊತ್ತಿರುತ್ತೆ ಅಕ್ಕ, ಎಣ್ಣೆ ಬದಲಾಯಿಸು ಅಂತ ಹೇಳೋ ಅಧಿಕಾರ ಅವರಿಗಿರಲ್ಲ, ಆ ಡಬ್ಬದ ಲೆಕ್ಕ ಗಲ್ಲಾದಲ್ಲಿ ಇರುತ್ತೆ.

ಗ್ರೇವಿ ಕಥೆ ಬೇರೆ. ಗ್ರೇವಿಗೆ ಮೈ ಬರೋದು ಈರುಳ್ಳಿ ನಿಧಾನಕ್ಕೆ ಕೆಂಪಾಗಿ, ಮಸಾಲೆ ಎಣ್ಣೆ ಬಿಡೋ ತನಕ ಹುರಿದಾಗ. ಕೆಂಪಾಗೋದು ಅಂದ್ರೆ ಬರೀ ಬಣ್ಣ ಅಲ್ಲ, ಸಕ್ಕರೆ ಮತ್ತು ಪ್ರೋಟೀನಿನ ಅಂಶ ಬಿಸಿಗೆ ಕೂಡಿ ಹೊಸ ಹೊಸ ವಾಸನೆ ಹುಟ್ಟೋದು, ಮೇಯಾರ್ ಅನ್ನೋ ಫ್ರೆಂಚ್ ವಿಜ್ಞಾನಿ 1912ರಲ್ಲಿ ಇದನ್ನ ಮೊದಲು ವಿವರಿಸಿದ್ದು. ಇದಕ್ಕೆ ಟೈಮ್ ಬೇಕು, ಪಕ್ಕದಲ್ಲಿ ಒಬ್ಬರು ನಿಂತು ಕೈಯಾಡಿಸ್ಬೇಕು. ಮೊದ್ಲು ಅಡುಗೆಮನೇಲಿ ನಾಲ್ಕು ಜನ ಇದ್ರು, ಈಗ ಇಬ್ರು ಇದ್ದಾರೆ ಅಂದ್ರೆ ಮೊದಲು ಕತ್ತರಿ ಬೀಳೋದು ಈ ಹುರಿಯೋ ಟೈಮಿಗೆ. ಉರಿ ಜೋರು ಮಾಡ್ತಾರೆ, ಈರುಳ್ಳಿ ಅಂಚು ಸೀಯುತ್ತೆ ನಡುವೆ ಹಸಿ ಉಳಿಯುತ್ತೆ, ಮಧ್ಯಾಹ್ನದ ಹೊತ್ತಿಗೆ ಪಾತ್ರೆ ತಳ ಕಂಡಾಗ ಬಿಸಿನೀರು ಸುರಿದು ಉಪ್ಪು ಹಾಕಿ ಸಂಜೆ ತನಕ ತಳ್ತಾರೆ. ನಿಮ್ಮ ತಟ್ಟೆಗೆ ಬಂದಿದ್ದು ಅದೇ ಇರ್ಬೇಕು.

ಜನ ಸಾಮಾನ್ಯವಾಗಿ "ರೆಸಿಪಿ ಬದಲಾಯಿಸಿದ್ದಾರೆ" ಅಂತಾರೆ, ನಾನು ಕಂಡಂಗೆ ರೆಸಿಪಿ ಅಲ್ಲೇ ಇರುತ್ತೆ, ಅದನ್ನ ಮಾಡ್ತಿದ್ದ ಕೈ ಹೋಗಿರುತ್ತೆ. ಹಳೇ ಅಡುಗೆಯವರು ಬೇರೆ ಕಡೆ ಹೋದ್ರು ಅಂದ್ರೆ ಅವರ ಜೊತೆ ಎಷ್ಟು ಹೊತ್ತು ಹುರೀಬೇಕು, ಬಾಣಲೆಗೆ ಒಂದ್ಸಲಕ್ಕೆ ಎಷ್ಟು ಹಾಕ್ಬೇಕು ಅನ್ನೋ ಅಂದಾಜೂ ಹೋಯ್ತು. ಹೊಸಬರಿಗೆ ಯಾರೂ ಹೇಳ್ಕೊಟ್ಟಿರಲ್ಲ. ಬಾಣಲೆ ತುಂಬ ತುಂಬಿದ್ರೆ ಎಣ್ಣೆ ಕಾವು ಇಳಿಯುತ್ತೆ, ಆಮೇಲೆ ತಿಂಡಿ ಬೇಯೋ ಬದಲು ಎಣ್ಣೆ ಕುಡೀತಾ ಕೂತ್ಕೊಳ್ಳುತ್ತೆ.

ಸಪ್ಲೈಯರ್ ಬಗ್ಗೆ ಸ್ವಲ್ಪ ಅವರ ಪರವಾಗೂ ಹೇಳ್ತೀನಿ. ಮುಂದಿನ ಸಲ ಹೋದಾಗ ಅಡುಗೆಮನೆ ಕಿಂಡಿ ಹತ್ರ ಎರಡು ನಿಮಿಷ ನೋಡಿ. ಆ್ಯಪ್ ಮೆಷಿನ್ ಕುಯ್ ಕುಯ್ ಅಂತಿರುತ್ತೆ, ಡೆಲಿವರಿ ಹುಡುಗರು ಹೆಲ್ಮೆಟ್ ಹಾಕ್ಕೊಂಡೇ ಮೊಬೈಲ್ ಎತ್ತಿ ತೋರಿಸ್ತಾ ನಿಂತಿರ್ತಾರೆ, ಅವರ ಪಾರ್ಸೆಲ್ ಡಬ್ಬಕ್ಕೆ ತುಂಬೋದೂ ಅದೇ ಸಪ್ಲೈಯರ್, ನಿಮ್ಮ ನೀರು ತರೋದೂ ಅದೇ ಸಪ್ಲೈಯರ್. ನಿಮ್ಮ ತಟ್ಟೆ ಕಿಂಡಿ ಮೇಲೆ ರೆಡಿಯಾಗಿ ಆರ್ತಾ ಇರುತ್ತೆ, ಎತ್ತೋರು ಇರಲ್ಲ. ಇದು ಒಬ್ಬ ಮನುಷ್ಯನ ಕೊಬ್ಬಲ್ಲ, ಜನ ಕಮ್ಮಿ ಇಟ್ಟು ಆರ್ಡರ್ ಜಾಸ್ತಿ ತಗೊಂಡ ಲೆಕ್ಕ. ಆದ್ರೆ ಮುಖ ಎತ್ತಿ "ಬಂದೆ ಅಮ್ಮ" ಅನ್ನೋಕೂ ಪುರ್ಸೊತ್ತಿಲ್ವಾ ಅಂತ ನೀವು ಕೇಳಿದ್ರೆ, ಹೌದು, ಅದನ್ನ ನಾನೂ ಕೇಳ್ತೀನಿ.

ಪ್ರಶ್ನೆ: ಊಟ ಚೆನ್ನಾಗಿರ್ಲಿಲ್ಲ ಅಂತ ಗಲ್ಲಾದಲ್ಲಿ ಹೇಳಿದ್ರೆ "ಬೇರೆ ಯಾರೂ ಹೇಳಿಲ್ವಲ್ಲ ಸಾರ್" ಅಂದ್ರು. ಮೈ ಉರಿದುಹೋಯ್ತು. ಆನ್‌ಲೈನಲ್ಲಿ ಒಂದು ಸ್ಟಾರ್ ಕೊಟ್ಟು ಚೆನ್ನಾಗಿ ಉಗಿದು ಬರೀಲಾ?

ಉತ್ತರ: ಬೇರೆ ಯಾರೂ ಹೇಳಿಲ್ಲ ಅನ್ನೋದು ನಿಜವೇ ಇರುತ್ತೆ ಸಾರ್, ಅದೇ ಅವರ ದುರದೃಷ್ಟ. ಬಹಳ ಜನ ಏನೂ ಹೇಳಲ್ಲ, ಬಿಲ್ ಕೊಟ್ಟು ನಕ್ಕು ಎದ್ದು ಹೋಗ್ತಾರೆ, ಆಮೇಲೆ ಆ ಕಡೆ ತಲೆನೂ ಹಾಕಲ್ಲ.

ನಿಮ್ಮ ಕಡೆಯಿಂದ ಒಂದು ಸಣ್ಣ ಬದಲಾವಣೆ ಮಾಡ್ನೋಡಿ. ತಟ್ಟೆ ಖಾಲಿ ಮಾಡಿ ಬಿಲ್ ಕಟ್ಟೋವಾಗ ಹೇಳಿದ್ರೆ ಅವರಿಗೆ ಮಾಡೋಕೆ ಏನೂ ಉಳಿದಿರಲ್ಲ, "ತಿಂದು ಮುಗಿಸಿ ತಕರಾರು" ಅಂತ ಒಳಗೊಳಗೆ ಅಂದ್ಕೊಳ್ತಾರೆ. ಎರಡು ತುತ್ತು ತಿಂದ ತಕ್ಷಣ ಕರೆದು, "ಚೆನ್ನಾಗಿಲ್ಲ" ಅಂತ ಅಲ್ಲ, "ಇದು ಒಳಗೆ ಬೆಂದಿಲ್ಲ ನೋಡಿ" ಅಂತ ಮುರಿದು ತೋರಿಸಿ. ಬೆಂದಿಲ್ಲ ಅನ್ನೋದಕ್ಕೆ ಯಾರೂ ವಾದ ಮಾಡೋಕಾಗಲ್ಲ. ಮಾಲೀಕರು ಇದ್ರೆ ಅವರಿಗೇ ಹೇಳಿ, ಜನ ತುಂಬಿರೋವಾಗ ಕೂಗಾಡಬೇಡಿ, ನಾಲ್ಕು ಜನರ ಮುಂದೆ ಯಾರೂ ತಪ್ಪು ಒಪ್ಕೊಳಲ್ಲ.

ಅಷ್ಟಾದ್ರೂ ಕೇಳ್ಲಿಲ್ಲ ಅಂದ್ರೆ ರಿವ್ಯೂ ಧಾರಾಳವಾಗಿ ಹಾಕಿ, ಅದಕ್ಕೆ ಬೆಲೆ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅನ್ನೋರು ಅಮೆರಿಕದ ಹೋಟೆಲ್‌ಗಳ ಲೆಕ್ಕ ತೆಗೆದು ನೋಡಿದಾಗ, ಯೆಲ್ಪ್ ಅನ್ನೋ ರಿವ್ಯೂ ವೆಬ್‌ಸೈಟ್‌ನಲ್ಲಿ ಹೋಟೆಲಿನ ಸರಾಸರಿ ರೇಟಿಂಗ್ ಒಂದು ಸ್ಟಾರ್ ಏರಿದ್ರೆ ವ್ಯಾಪಾರ ಶೇ 5ರಿಂದ 9ರಷ್ಟು ಏರುತ್ತೆ ಅಂತ ಕಂಡಿತ್ತು, ಅದೂ ದೊಡ್ಡ ಚೈನ್‌ಗಳಿಗಲ್ಲ, ಒಬ್ಬರೇ ನಡೆಸೋ ಹೋಟೆಲ್‌ಗಳಿಗೆ. ಹಾಗಾಗಿ ನಿಮ್ಮ ಒಂದು ಸ್ಟಾರ್ ಸುಮ್ನೆ ಅಲ್ಲ, ಕೋಪದ ಭರದಲ್ಲಿ ಬರೀಬೇಡಿ, ಒಂದು ರಾತ್ರಿ ಬಿಟ್ಟು ಬರೀರಿ. ಯಾವತ್ತು ಹೋಗಿದ್ರಿ, ಏನು ತರಿಸಿದ್ರಿ, ಏನು ಕೆಟ್ಟಿತ್ತು, ಹೇಳಿದ್ಮೇಲೆ ಏನಂದ್ರು, ಇಷ್ಟೇ ಸಾಕು. "ಅಡುಗೆಮನೆ ತುಂಬಾ ಇಲಿ ಇರ್ಬೇಕು" ಅಂತೆಲ್ಲ ಕಣ್ಣಾರೆ ಕಾಣದ್ದು ಬರೆದ್ರೆ ನಾಳೆ ನಿಮ್ಮ ಮೇಲೇ ಬರುತ್ತೆ. ಸಪ್ಲೈಯರ್ ಹೆಸರು, ಫೋಟೋ ಹಾಕ್ಬೇಡಿ, ಹೊಟ್ಟೆಪಾಡಿಗೆ ದುಡಿಯೋರು.

ಪ್ರಶ್ನೆ: ಸರ್ವಿಸ್ ಕೆಟ್ಟದಾಗಿದ್ರೂ ಟಿಪ್ಸ್ ಕೊಡ್ಬೇಕಾ?

ಉತ್ತರ: ಸರ್ವಿಸ್ ಕೆಟ್ಟದಾಗಿದ್ರೆ ಬೇಡ ಬಿಡಿ. ಊಟ ಕೆಟ್ಟದಾಗಿದ್ದು ಸರ್ವಿಸ್ ಚೆನ್ನಾಗಿದ್ರೆ ಕೊಡಿ, ಅಡುಗೆ ಮಾಡಿದ್ದು ಅವರಲ್ಲ.

ಪ್ರಶ್ನೆ: ನಾವು ಯಾವಾಗ್ಲೂ ಹೋಗೋ ಕಡೆಯೇ ರಾತ್ರಿ ಫ್ರೈಡ್ ರೈಸ್ ತಿಂದು ಮನೆಗೆ ಬರೋಷ್ಟ್ರಲ್ಲಿ ಇಬ್ಬರಿಗೆ ವಾಂತಿ. ಹೋಟೆಲಿನವರು "ಬಿಸಿ ಬಿಸಿ ಮಾಡ್ಕೊಟ್ಟಿದ್ದೀವಿ, ನಮ್ಮದರಿಂದ ಆಗೋಕೆ ಚಾನ್ಸೇ ಇಲ್ಲ" ಅಂತಾರೆ. ಬಿಸಿ ಇದ್ದಿದ್ದು ನಿಜ. ಹಾಗಿದ್ರೆ ಹೇಗೆ?

ಉತ್ತರ: ಬಿಸಿ ಇದ್ರೆ ಏನೂ ಆಗಲ್ಲ ಅನ್ನೋದು ತಪ್ಪು ತಿಳುವಳಿಕೆ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯಲ್ಲೇ ಇರ್ತವೆ, ಅನ್ನ ಬೆಂದ್ರೂ ಸಾಯಲ್ಲ. ಆ ಅನ್ನ ಹೊರಗಡೆ ಗಂಟೆಗಟ್ಟಲೆ ಉಗುರು ಬೆಚ್ಚಗೆ ಇದ್ದರೆ ಅವು ಮೊಳೆತು ಬೆಳೆದು ವಿಷ ಬಿಡ್ತವೆ, ಆ ವಿಷ 121 ಡಿಗ್ರಿ ಕಾವಿಗೂ ಜಗ್ಗಲ್ಲ. ಆಮೇಲೆ ನೀವು ಬಾಣಲೆಗೆ ಹಾಕಿ ಎಷ್ಟು ಉರೀಲಿ ತಿರುವಿದ್ರೂ ಅಷ್ಟೇ. ಇದರ ವಾಂತಿ ತಿಂದ ಅರ್ಧ ಗಂಟೆಯಿಂದ ಆರು ಗಂಟೆ ಒಳಗೆ ಶುರು ಆಗುತ್ತೆ, ನಿಮ್ಮದು ಹೊಂದುತ್ತೆ. ಅಡುಗೆಮನೆಲಿ 5ರಿಂದ 60 ಡಿಗ್ರಿ ಮಧ್ಯದ ಕಾವನ್ನ ಡೇಂಜರ್ ಝೋನ್ ಅಂತಾರೆ, ಅನ್ನ ಒಂದೋ ಅದಕ್ಕಿಂತ ಬಿಸಿಯಾಗಿರ್ಬೇಕು ಇಲ್ಲ ಬೇಗ ಆರಿಸಿ ಫ್ರಿಜ್‌ಗೆ ಹೋಗ್ಬೇಕು.

ಹಾಗಂತ ಅದೇ ಊಟದಿಂದಲೇ ಅಂತ ಪತ್ರ ನೋಡಿ ಹೇಳೋಕೆ ಬರಲ್ಲ. ನೊರೋವೈರಸ್ ಥರದ್ದು ತಗಲಿ 12ರಿಂದ 48 ಗಂಟೆ ಆದ್ಮೇಲೆ ಕಾಣಿಸ್ಕೊಳ್ಳುತ್ತೆ, ನಾವು ಮಾತ್ರ ಕೊನೇ ಊಟವನ್ನೇ ಬೈತೀವಿ. ವಾಂತಿ ನಿಲ್ದೇ ಇದ್ರೆ, ರಕ್ತ ಕಂಡ್ರೆ, ಮೂತ್ರ ಕಮ್ಮಿ ಆದ್ರೆ, ಮಕ್ಕಳು ವಯಸ್ಸಾದವರು ಇದ್ರೆ ತಡ ಮಾಡ್ದೆ ಡಾಕ್ಟ್ರ ಹತ್ರ ಹೋಗಿ. ಬಿಲ್ ಇಟ್ಕೊಳ್ಳಿ, ಡಾಕ್ಟ್ರ ಚೀಟಿ ಇಟ್ಕೊಳ್ಳಿ, ಆಹಾರ ಸುರಕ್ಷತೆ ನೋಡ್ಕೊಳ್ಳೋ ಇಲಾಖೆಗೆ ಒಂದು ದೂರು ಕೊಡಿ. ಅದೇ ರಾತ್ರಿ ಇನ್ನೂ ನಾಲ್ಕು ಮನೇಲಿ ಹೀಗೇ ಆಗಿದ್ರೆ ಅದು ಗೊತ್ತಾಗೋದೇ ದೂರು ಒಂದು ಕಡೆ ಸೇರಿದಾಗ.

ಪ್ರಶ್ನೆ: ನಾನೇ ಒಂದು ಸಣ್ಣ ಹೋಟೆಲ್ ನಡೆಸೋನು. ಹಳೇ ಗಿರಾಕಿಗಳು ಬರೋದು ಕಮ್ಮಿ ಆಗಿದೆ, ರೋಡಲ್ಲಿ ಸಿಕ್ಕಿದ್ರೆ ಮಾತಾಡ್ತಾರೆ, ಯಾಕೆ ಬರ್ತಿಲ್ಲ ಅಂದ್ರೆ "ಟೈಮ್ ಇಲ್ಲ" ಅಂತಾರೆ. ನನಗೇನೋ ಊಟ ಚೆನ್ನಾಗೇ ಇದೆ ಅನ್ನಿಸುತ್ತೆ.

ಉತ್ತರ: ನಿಮಗೆ ಚೆನ್ನಾಗಿ ಅನ್ನಿಸೋಕೆ ಕಾರಣ ಇದೆ, ನೀವು ಬೆಳಗ್ಗೆ ಮೊದಲ ಪಾತ್ರೇಲಿ ತಿಂತೀರ. ಜನ ಜಾಸ್ತಿ ಇರೋ ಹೊತ್ತಲ್ಲಿ, ಬಾಗಿಲ ಪಕ್ಕದ ಟೇಬಲ್ಲಲ್ಲಿ ಕೂತು, ನಿಮ್ಮ ಹುಡುಗರಿಗೆ ಹೇಳ್ದೆ ಪರಿಚಯದವರ ಕೈಲಿ ಆರ್ಡರ್ ಮಾಡಿಸಿ ತಿನ್ನಿ. ಪಾರ್ಸೆಲ್ಲೂ ಒಂದು ಮನೆಗೆ ತರಿಸಿ ಅರ್ಧ ಗಂಟೆ ಬಿಟ್ಟು ಬಿಚ್ಚಿ, ಗರಿಗರಿ ತಿಂಡಿ ಡಬ್ಬದೊಳಗೆ ತನ್ನ ಹಬೆಗೆ ತಾನೇ ನೆಂದು ಏನಾಗಿರುತ್ತೆ ಅಂತ ಕಾಣುತ್ತೆ.

ಮೆನು ಉದ್ದ ಇದ್ರೆ ಕತ್ತರಿಸಿ. ಇಬ್ಬರು ಅಡುಗೆಯವರು ನೂರು ಐಟಂ ಮಾಡ್ತೀವಿ ಅಂದ್ರೆ ಫ್ರಿಜ್‌ನಲ್ಲಿ ನಿನ್ನೆದು ಇರ್ಲೇಬೇಕು, ಬೇರೆ ದಾರಿ ಇಲ್ಲ. ಉಳಿದ ದುಡ್ಡಲ್ಲಿ ಹಳೇ ಅಡುಗೆಯವರಿಗೆ ಸಂಬಳ ಜಾಸ್ತಿ ಮಾಡಿ, ಹೊಸ ಲೈಟು ಹೊಸ ಬೋರ್ಡು ಆಮೇಲೆ.

ತಪ್ಪಾದಾಗ ಚೆನ್ನಾಗಿ ಸರಿಪಡಿಸಿದ್ರೆ ಗಿರಾಕಿ ಮೊದಲಿಗಿಂತ ಹತ್ರ ಆಗ್ತಾನೆ ಅಂತ ಮ್ಯಾನೇಜ್ಮೆಂಟ್ ಓದಿದವರು ಹೇಳ್ತಾರೆ, 1992ರಿಂದ ಅದಕ್ಕೆ ಸರ್ವಿಸ್ ರಿಕವರಿ ಪ್ಯಾರಡಾಕ್ಸ್ ಅಂತ ಹೆಸರೂ ಇದೆ. ನನಗೆ ಪೂರ್ತಿ ನಂಬಿಕೆ ಇಲ್ಲ, ಒಂದ್ಸಲಕ್ಕೆ ನಡೆಯುತ್ತೆ, ಅದೇ ತಪ್ಪು ಎರಡನೇ ಸಲ ಆದ್ರೆ ನೀವು ಫ್ರೀಯಾಗಿ ಸಿಹಿ ಕೊಟ್ರೂ ತಿಂದು ಹೋಗ್ತಾರೆ, ವಾಪಸ್ ಬರಲ್ಲ. ರೋಡಲ್ಲಿ ಸಿಕ್ಕಿದವರನ್ನ ಇನ್ನು "ಯಾಕೆ ಬರ್ತಿಲ್ಲ" ಅಂತ ಕೇಳ್ಬೇಡಿ, ಅದಕ್ಕೆ ಎಲ್ಲರೂ ಟೈಮ್ ಇಲ್ಲ ಅಂತಲೇ ಅನ್ನೋದು. "ಕೊನೇ ಸಲ ಬಂದಾಗ ಏನು ತಿಂದ್ರಿ, ಅದು ಹೇಗಿತ್ತು" ಅಂತ ಕೇಳಿ, ಬಾಯಿಬಿಟ್ಟು ಹೇಳ್ತಾರೆ.