ಎಣ್ಮಕಜೆಯ ಮಕ್ಕಳನ್ನು ಆಶ್ರಮಕ್ಕೆ ಸೇರಿಸಬಾರದೇ?

ಕಾಸರಗೋಡು ಜಿಲ್ಲೆಯ ಎಣ್ಮಕಜೆಯಂಥ ಊರುಗಳಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದ ಮಕ್ಕಳನ್ನು ಒಂದು ಒಳ್ಳೆಯ ಆಶ್ರಮಕ್ಕೆ ಸೇರಿಸಿದರೆ ತಾಯಂದಿರಿಗೂ ಬಿಡುಗಡೆಯಲ್ಲವೇ ಎಂದು ಕೇಳಿದ್ದೀರಿ. ಕಾಳಜಿಯಿಂದಲೇ ಕೇಳಿದ್ದೀರಿ, ಗೊತ್ತು. ಆದರೂ ಕಾಸರಗೋಡಿನವನಾಗಿ ನನ್ನ ಉತ್ತರ: ಬೇಡ. ಬಿಡುಗಡೆ ಬೇಕು, ಆದರೆ ಅದು ಮಗುವನ್ನು ಮನೆಯಿಂದ ಎತ್ತಿಕೊಂಡು ಹೋಗಿ ಕೊಡುವಂಥದ್ದಲ್ಲ.

ಮೊದಲು ಊರು ಹೇಗಿದೆ ಕೇಳಿ. ಇಲ್ಲಿ ಗುಡ್ಡದ ನೆತ್ತಿಯಲ್ಲಿ ಗೇರು ತೋಟ, ತಗ್ಗಿನಲ್ಲಿ ಮನೆ, ಅದಕ್ಕೂ ಕೆಳಗೆ ಅಡಿಕೆ. ಎಷ್ಟೋ ಮನೆಗಳಿಗೆ ನೀರು ಬರುವುದು ಗುಡ್ಡದ ಹೊಟ್ಟೆ ಕೊರೆದ ಸುರಂಗದಿಂದ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದಿಂದ 2000ದವರೆಗೆ ಸುಮಾರು 4,600 ಹೆಕ್ಟೇರ್ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ನೆತ್ತಿಯ ಮೇಲೆ ಬಿದ್ದ ವಿಷ ತಗ್ಗಿನ ಮನೆಗಳತ್ತ ಇಳಿಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ ತಲೆ ನಿಲ್ಲದ, ಫಿಟ್ಸ್ ಬರುವ, ಎದ್ದು ಕೂರಲಾಗದ ಮಕ್ಕಳ ಮನೆಗಳು ಒಂದೊಂದಾಗಿ ಬೆಳಕಿಗೆ ಬಂದದ್ದು ಹೀಗೆ.

ನಾವಿನ್ನೂ ಅವರನ್ನು ಮಕ್ಕಳು ಎನ್ನುತ್ತೇವೆ. ಹಲವರಿಗೆ ಮೂವತ್ತು ದಾಟಿದೆ. ಎತ್ತಿ ಮೀಯಿಸುವ ಅಮ್ಮನಿಗೆ ಅರುವತ್ತು. ಆಕೆ ಬೀಡಿ ಕಟ್ಟುವುದೂ ಅಡಿಕೆ ಸುಲಿಯುವುದೂ ಮಗುವಿನ ಚಾಪೆಯ ಪಕ್ಕದಲ್ಲೇ. ಮದುವೆ ಮನೆಗೆ ಹೋಗುವ ಹಾಗಿಲ್ಲ, ತನಗೇ ಜ್ವರ ಬಂದರೆ ಮಲಗುವ ಹಾಗಿಲ್ಲ. ಮಗುವಿನ ನರಳಿಕೆಯಲ್ಲಿ ಹಸಿವು ಯಾವುದು, ನೋವು ಯಾವುದು ಎಂದು ತಿಳಿಯುವುದು ಆಕೆಗೆ ಮಾತ್ರ. ಯಾವ ಆಶ್ರಮದ ದಾದಿ ಅದನ್ನು ಒಂದು ವಾರದಲ್ಲಿ ಕಲಿತಾಳು?

ಹಾಗೆಂದು ಏನೂ ನಡೆದಿಲ್ಲ ಎನ್ನಲಾರೆ. ಪಂಚಾಯತುಗಳು ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಆಸರೆಯಲ್ಲಿ ನಡೆಸುವ ಬಡ್ಸ್ ಶಾಲೆಗಳು, ಅಂದರೆ ಬುದ್ಧಿ ಬೆಳವಣಿಗೆ ಕುಂಠಿತವಾದವರ ವಿಶೇಷ ಶಾಲೆಗಳು, ಇಲ್ಲಿನ ದೊಡ್ಡ ವರ. ಗಾಡಿ ಬಂದು ಮಗುವನ್ನು ಕರೆದೊಯ್ದರೆ ಅಮ್ಮನಿಗೆ ಸಂಜೆಯವರೆಗೆ ಉಸಿರಾಡಲು ಹೊತ್ತು. ಆರೈಕೆ ಮಾಡುವವರಿಗೆಂದೇ ಆಶ್ವಾಸಕಿರಣಂ ಎಂಬ ಯೋಜನೆಯಿದೆ, ತಿಂಗಳಿಗೆ 600 ರೂಪಾಯಿ. ಆರೈಕೆಯೂ ಕೆಲಸವೇ ಎಂದು ಸರ್ಕಾರ ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಆದರೆ ಹಗಲೂ ರಾತ್ರಿಯೂ ದುಡಿಯುವ ಹೆಂಗಸಿಗೆ ಇದು ದಿನಕ್ಕೆ ಇಪ್ಪತ್ತು ರೂಪಾಯಿ. ಪರಿಹಾರದ ಕಥೆಯೂ ಹೀಗೆಯೇ: ಬಾಧಿತರಿಗೆ ಮೂರು ತಿಂಗಳೊಳಗೆ ಐದು ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ ಕೇರಳ ಸರ್ಕಾರಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಹೆಚ್ಚಿನವರಿಗೆ ಹಣ ತಲುಪದೆ 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಮತ್ತೆ ಗದರಿಸಬೇಕಾಯಿತು.

ಇನ್ನೊಂದು ತೊಡಕು ಹೊರಗಿನವರಿಗೆ ಕಾಣದು. ಇಲ್ಲಿ ಮನೆಯೊಳಗೆ ತುಳು, ಕನ್ನಡ, ಹವ್ಯಕ, ಮರಾಟಿ. ಅರ್ಜಿ, ವೈದ್ಯಕೀಯ ಚೀಟಿ, ಸರ್ಕಾರಿ ಪತ್ರ ಹೆಚ್ಚಾಗಿ ಮಲಯಾಳದಲ್ಲಿ. ಬಾಧಿತರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ತಾಯಿಗೆ ಏಕೆ ಬಿಟ್ಟುಹೋಯಿತು ಎಂದು ಆಕೆಯ ಮಾತಿನಲ್ಲೇ ಹೇಳುವವರು ಬೇಕು. ಮಕ್ಕಳಿಗಂತೂ ಇದು ಇನ್ನೂ ದೊಡ್ಡದು. ನಾಲ್ಕೇ ಮಾತು ಅರ್ಥವಾಗುವ ಮಗುವಿಗೆ ಆ ನಾಲ್ಕೂ ತುಳುವಿನವಾದರೆ, ದೂರದ ಊರಿನ ಆಶ್ರಮದಲ್ಲಿ ಅದು ಪೂರ್ತಿ ಒಂಟಿ.

ಚಿಕಿತ್ಸೆಗೆ ನಾವು ಮಂಗಳೂರಿಗೆ ಹೋಗುವವರು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದರೂ ಅಭ್ಯಾಸ ಬದಲಾಗಲಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಭಯದಿಂದ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ನಮ್ಮವರು ಎರಡು ರಾಜ್ಯಗಳ ನಡುವೆ ಸಿಕ್ಕಿಬಿದ್ದರು.

ಈಗ ನಿಮ್ಮ ಪ್ರಶ್ನೆಯೊಳಗಿನ ನಿಜವಾದ ಪ್ರಶ್ನೆಗೆ ಬರುತ್ತೇನೆ: ಅಮ್ಮ ಹೋದ ಮೇಲೆ ಯಾರು? ಅದು ಇಲ್ಲಿನ ಪ್ರತಿ ತಾಯಿಯ ಭಯ. ಮುಳಿಯಾರಿನಲ್ಲಿ ಪುನರ್ವಸತಿ ಗ್ರಾಮ ರೂಪುಗೊಂಡಿದೆ, ಅದು ಬೇಕೇ ಬೇಕು. ಆದರೆ ಎಣ್ಮಕಜೆಯ ಪೆರ್ಲದ ಮನೆಗೆ ಮುಳಿಯಾರು ಹತ್ತಿರವಲ್ಲ. 2022ರ ಅಕ್ಟೋಬರಿನಲ್ಲಿ ಸಮಾಜ ಸೇವಕಿ ದಯಾಬಾಯಿ ಬಾಧಿತರ ಪರವಾಗಿ ತಿರುವನಂತಪುರದಲ್ಲಿ ಉಪವಾಸ ಕೂತಾಗ ಕೇಳಿದ್ದರಲ್ಲಿ ಪಂಚಾಯತುಗಳಲ್ಲಿ ಹಗಲು ಆರೈಕೆ ಕೇಂದ್ರವೂ ಒಂದು. ನಾನು ಇನ್ನೂ ಸ್ವಲ್ಪ ಮುಂದೆ ಹೋಗುತ್ತೇನೆ. ಆ ಕೇಂದ್ರ ರಾತ್ರಿಯೂ ತೆರೆದಿರಲಿ, ನಾಲ್ಕು ಹಾಸಿಗೆ ಸಾಕು. ನೆರೆಮನೆಯ ಹೆಂಗಸರನ್ನೇ ತರಬೇತು ಮಾಡಿ ಸಂಬಳ ಕೊಟ್ಟು ಇಡಲಿ. ಅಮ್ಮ ಗಟ್ಟಿಯಾಗಿರುವಾಗಲೇ ಮಗು ತಿಂಗಳಿಗೆರಡು ರಾತ್ರಿ ಅಲ್ಲಿ ಮಲಗಿ ರೂಢಿಯಾಗಲಿ, ಆಕೆ ಆಸ್ಪತ್ರೆ ಸೇರಬೇಕಾಗಿ ಬಂದ ದಿನ ಅದಕ್ಕೆ ಹೊಸ ಮುಖಗಳ ನಡುವೆ ಕಣ್ಣು ಬಿಡಬೇಕಾಗದು.